ಟು ಎ ಟಿ: ಒಂದು ಪುಟ್ಟ ಗೆರೆಯ ಕತೆ

ಇವತ್ತು ನಾನು ಎತ್ತಿಕೊಂಡಿರುವುದು ಇಂಗ್ಲಿಷಿನ ಒಂದು ಪುಟ್ಟ ಮಾತು: ‘ಟು ಎ ಟಿ’. ಇಂಗ್ಲಿಷಿನಲ್ಲಿ ಬರೆದರೆ ಎಲ್ಲ ಸೇರಿ ನಾಲ್ಕೇ ಅಕ್ಷರ. ಹೊಸ ಕೆಲಸ ಅವಳಿಗೆ ಚೆನ್ನಾಗಿ ಹೊಂದಿಕೊಂಡರೆ ‘ದ ಜಾಬ್ ಸೂಟ್ಸ್ ಹರ್ ಟು ಎ ಟಿ’ ಅನ್ನುತ್ತಾರೆ. ಕೋಟು ಮೈಗೆ ಸರಿಯಾಗಿ ಕೂತರೆ ‘ಫಿಟ್ಸ್ ಟು ಎ ಟಿ’. ಯಾರೋ ಒಬ್ಬರ ಸ್ವಭಾವವನ್ನು ಇನ್ನೊಬ್ಬರು ಬಣ್ಣಿಸಿದಾಗ, ಕೇಳಿದವರು ಅವರನ್ನೇ ಕಣ್ಣಮುಂದೆ ಕಂಡಂತಾಗಿ ‘ದಟ್ಸ್ ಹಿಮ್ ಟು ಎ ಟಿ’ ಎಂದುಬಿಡುತ್ತಾರೆ. ಅಡುಗೆ ಹದವಾಗಿ ಬೆಂದರೂ ‘ಡನ್ ಟು ಎ ಟಿ’. ಒಂದಿಷ್ಟೂ ಕುಂದಿಲ್ಲ, ಎಲ್ಲಿಯೂ ಹೆಚ್ಚುಕಡಿಮೆ ಇಲ್ಲ ಎಂಬುದು ಇವೆಲ್ಲದರ ತಿರುಳು.

ಈ ‘ಟಿ’ ಯಾವುದು? ನನ್ನ ತರಗತಿಯಲ್ಲಿ ಒಬ್ಬ ಹುಡುಗ ಅದನ್ನು ಕುಡಿಯುವ ಟೀ ಎಂದೇ ಬರೆದಿದ್ದ. ಕಿವಿಗೆ ಎರಡೂ ಒಂದೇ ಆದ್ದರಿಂದ ಅವನ ತಪ್ಪು ಸಹಜವಾದದ್ದು. ಆದರೆ ಚಹಾಕ್ಕೂ ಇದಕ್ಕೂ ಸಂಬಂಧವಿಲ್ಲ. ನಕ್ಷೆ ಬರೆಯುವವರು ಬಳಸುವ ಟಿ-ಸ್ಕ್ವೇರ್ ಎಂಬ ಸಲಕರಣೆಯಿಂದ ಬಂತು ಎಂದು ಬಹಳ ಜನ ಹೇಳುತ್ತಾರೆ. ಗೆರೆ ನೇರವಾಗಿ ಬರಲಿ, ಕೋನ ಸರಿಯಾಗಿರಲಿ ಎಂದೇ ಇರುವ ಸಾಧನ ಅದು, ಹಾಗಾಗಿ ಕೇಳಿದ ತಕ್ಷಣ ಹೌದಲ್ಲ ಅನ್ನಿಸುತ್ತದೆ. ಆದರೆ ಕಾಲ ಒಪ್ಪುವುದಿಲ್ಲ. ‘ಟು ಎ ಟಿ’ ಎಂಬ ಮಾತು 1693ರಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕವೊಂದರಲ್ಲಿ ಸಿಗುತ್ತದೆ, ಟಿ-ಸ್ಕ್ವೇರ್ ಎಂಬ ಹೆಸರು ಬರಹದಲ್ಲಿ ಕಾಣಿಸಿಕೊಳ್ಳುವುದು ಅದಕ್ಕಿಂತ ಬಹಳ ತಡವಾಗಿ, ಹದಿನೆಂಟನೆಯ ಶತಮಾನದಲ್ಲಿ. ಟೀ-ಶರ್ಟಿನ ಮಾತಂತೂ ಎತ್ತುವುದೇ ಬೇಡ, ಅದು ಇಪ್ಪತ್ತನೆಯ ಶತಮಾನದ ಕೂಸು. ಮಾತೊಂದರ ಮೂಲ ಹುಡುಕುವಾಗ ಕತೆ ಎಷ್ಟು ಚೆಂದವಾಗಿದೆ ಎನ್ನುವುದಕ್ಕಿಂತ ಮೊದಲು ಇಸವಿ ನೋಡಿ. ನಮ್ಮ ಊರ ಹೆಸರುಗಳ ಬಗ್ಗೆ ಹಬ್ಬಿರುವ ಕತೆಗಳಿಗೂ ಈ ಮಾತು ಅನ್ವಯಿಸುತ್ತದೆ. ಅದು ಬೇರೆ ದಿನದ ಉಪನ್ಯಾಸ.

ಹಾಗಾದರೆ ಒಪ್ಪಬಹುದಾದ ಮೂಲ ಯಾವುದು? ನಿಘಂಟುಕಾರರು ಹೆಚ್ಚಾಗಿ ಬೆರಳು ತೋರಿಸುವುದು ‘ಟಿಟಲ್’ ಎಂಬ ಹಳೆಯ ಪದದ ಕಡೆಗೆ. 1607ರಲ್ಲಿ ಅಚ್ಚಾದ ಫ್ರಾನ್ಸಿಸ್ ಬೋಮಾಂಟನ ನಾಟಕವೊಂದರಲ್ಲಿ ‘ಟು ಎ ಟಿಟಲ್’ ಎಂಬ ಪ್ರಯೋಗವಿದೆ, ಅರ್ಥವೂ ಇದೇ. ‘ಟು ಎ ಟಿ’ ಸಿಗುವ 1693ಕ್ಕಿಂತ ಎಂಬತ್ತಕ್ಕೂ ಹೆಚ್ಚು ವರ್ಷ ಹಿಂದಿನದು. ಬಾಯಿಂದ ಬಾಯಿಗೆ ಸವೆಯುತ್ತಾ ‘ಟಿಟಲ್’ನಲ್ಲಿ ಮೊದಲ ಅಕ್ಷರವಷ್ಟೇ ಉಳಿದಿರಬೇಕು ಎಂಬುದು ಊಹೆ. ಸವೆದ ಆ ನಡುವಿನ ಹೆಜ್ಜೆಯನ್ನು ಯಾರೂ ಕಂಡು ಬರೆದಿಟ್ಟಿಲ್ಲ, ಆದರೆ ಅರ್ಥವೂ ಕಾಲವೂ ಎರಡೂ ಕೂಡಿಬರುವ ಊಹೆ ಇದೊಂದೇ. ನಾನು ಇದನ್ನೇ ನೆಚ್ಚಿಕೊಂಡಿದ್ದೇನೆ.

ಟಿಟಲ್ ಎಂದರೇನು? ಇಂಗ್ಲಿಷಿನ ಸಣ್ಣ ‘ಐ’ ಮತ್ತು ‘ಜೆ’ ಅಕ್ಷರಗಳ ತಲೆಯ ಮೇಲೆ ಒಂದು ಚುಕ್ಕೆ ಇರುತ್ತದಲ್ಲ, ಆ ಚುಕ್ಕೆಗೆ ಇವತ್ತಿಗೂ ಅದೇ ಹೆಸರು. ಹಿಂದೆ ಅದರ ಹರವು ದೊಡ್ಡದಿತ್ತು. ಅಕ್ಷರಕ್ಕೆ ಅಂಟಿಕೊಂಡ ಯಾವುದೇ ಪುಟ್ಟ ಗೆರೆ, ಚುಕ್ಕೆ, ಬಾಲ ಎಲ್ಲವೂ ಟಿಟಲ್ಲೇ. ಲ್ಯಾಟಿನ್ನಿನ ‘ಟಿಟುಲಸ್’ ಇದರ ತಾಯಿಬೇರು. ಪುಸ್ತಕದ ಹೆಸರಿಗೆ ನಾವು ಹೇಳುವ ‘ಟೈಟಲ್’ ಕೂಡ ಅದೇ ಬೇರಿನದು, ಸ್ಪ್ಯಾನಿಷಿನಲ್ಲಿ ಅಕ್ಷರದ ಮೇಲೆ ಹಾಕುವ ಅಲೆಯಂಥ ಗುರುತು ‘ಟಿಲ್ಡೆ’ಯೂ ಅದೇ. ಕೈಯಲ್ಲಿ ಪುಸ್ತಕ ನಕಲು ಮಾಡುತ್ತಿದ್ದ ಕಾಲದಲ್ಲಿ ಪದವನ್ನು ಚಿಕ್ಕದಾಗಿಸಿದಾಗ, ಇಲ್ಲಿ ಏನೋ ಬಿಟ್ಟಿದ್ದೇನೆ ಎಂದು ತೋರಿಸಲು ಲಿಪಿಕಾರರು ಅಕ್ಷರದ ನೆತ್ತಿಯ ಮೇಲೆ ಇಂಥದೊಂದು ಗೆರೆ ಎಳೆಯುತ್ತಿದ್ದರು. ನೆತ್ತಿಯ ಮೇಲಿನ ಈ ಗೆರೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದು ಆಕಾಶದಲ್ಲಿ ಸಿಗುತ್ತದೆ.

ಈ ಪದವನ್ನು ಇಂಗ್ಲಿಷ್ ಜನರ ನಾಲಿಗೆಗೆ ತಂದದ್ದು ಬೈಬಲ್. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಹೇಳುವ ಮಾತೊಂದಿದೆ: ಭೂಮಿ ಆಕಾಶ ಅಳಿಯುವವರೆಗೂ ಧರ್ಮಶಾಸ್ತ್ರದ ಒಂದು ಪುಟ್ಟ ಅಕ್ಷರವಾಗಲಿ, ಅಕ್ಷರದ ಒಂದು ಗೆರೆಯಾಗಲಿ ಅಳಿಯದು ಎಂಬರ್ಥದ್ದು. 1526ರಲ್ಲಿ ವಿಲಿಯಂ ಟಿಂಡೇಲ್ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದಾಗ ಇಲ್ಲಿ ‘ಜಾಟ್’ ಮತ್ತು ‘ಟಿಟಲ್’ ಎಂಬ ಎರಡು ಪದಗಳನ್ನು ಹಾಕಿದ, 1611ರ ಕಿಂಗ್ ಜೇಮ್ಸ್ ಅನುವಾದ ಅವನ್ನೇ ಉಳಿಸಿಕೊಂಡಿತು. ಜಾಟ್ ಎಂದರೆ ಗ್ರೀಕಿನ ‘ಅಯೋಟಾ’, ಅತಿ ಚಿಕ್ಕ ಅಕ್ಷರ. ಟಿಟಲ್ ಇರುವ ಜಾಗದಲ್ಲಿ ಗ್ರೀಕ್ ಮೂಲದಲ್ಲಿರುವುದು ‘ಕೆರಾಯಾ’. ಅದರ ಅರ್ಥ ಏನು ಗೊತ್ತೇ? ಪುಟ್ಟ ಕೊಂಬು.

ಇದನ್ನು ಮೊದಲ ಸಲ ಓದಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಾವೆಲ್ಲ ಕಾಗುಣಿತ ಕಲಿತದ್ದು ಹೇಗೆ? ಕ-ಕೆ ಗುಡಿಸು ಕೊಟ್ಟರೆ ಕಿ, ಕ-ಕೆ ಕೊಂಬು ಕೊಟ್ಟರೆ ಕು, ಕೊಂಬಿನ ಇಳಿ ಕೊಟ್ಟರೆ ಕೂ. ನಮ್ಮಲ್ಲೂ ಅಕ್ಷರಕ್ಕೆ ಕೊಂಬಿದೆ. ಎಲ್ಲಿಯ ಗ್ರೀಸು, ಎಲ್ಲಿಯ ನಮ್ಮ ಊರ ಶಾಲೆಯ ಜಗಲಿ! ಅಕ್ಷರದ ಮೈಯಿಂದ ಹೊರಚಾಚಿದ ಪುಟ್ಟ ಗೆರೆಯನ್ನು ಕಂಡಾಗ ಇಬ್ಬರಿಗೂ ನೆನಪಾದದ್ದು ಕೊಂಬೇ. ಬೈಬಲ್ಲನ್ನು ಕನ್ನಡಕ್ಕೆ ತಂದವರು ಇದೇ ವಾಕ್ಯದಲ್ಲಿ ಗ್ರೀಕ್ ಪದಗಳ ಗೊಡವೆಗೆ ಹೋಗದೆ ನಮ್ಮ ಕಾಗುಣಿತದ ಸೊನ್ನೆಯನ್ನೂ ಗುಡಿಸನ್ನೂ ತಂದು ಕೂರಿಸಿದರು. ಕನ್ನಡದ ಓದುಗನಿಗೆ ಅತಿ ಸಣ್ಣ ಗುರುತು ಯಾವುದು ಎಂದು ತಮ್ಮನ್ನು ತಾವು ಕೇಳಿಕೊಂಡೇ ಅವರು ಅನುವಾದಕ್ಕೆ ಕೂತಿರಬೇಕು. ಅನುವಾದ ಕಲಿಯುವವರಿಗೆ ನಾನು ಮೊದಲು ತೋರಿಸುವ ಉದಾಹರಣೆ ಇದು.

ಈಗ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗೋಣ. ಯೇಸುವಿನ ಮಾತು ಹೀಬ್ರೂ ಲಿಪಿ ಬಲ್ಲವರಿಗೆ ಕಣ್ಣಿಗೆ ಕಟ್ಟುವಂಥದ್ದು. ಆ ಲಿಪಿಯಲ್ಲಿ ‘ದಾಲೆತ್’ ಮತ್ತು ‘ರೇಶ್’ ಎಂಬ ಎರಡು ಅಕ್ಷರಗಳಿವೆ. ದಕಾರಕ್ಕೆ ಒಂದು, ರಕಾರಕ್ಕೆ ಒಂದು. ಎರಡಕ್ಕೂ ಮೇಲೊಂದು ಅಡ್ಡಗೆರೆ, ಬಲಗಡೆ ಇಳಿಯುವ ಒಂದು ಕಾಲು. ದಾಲೆತ್‌ನ ಮೂಲೆ ಚೂಪಾಗಿ ಹಿಂದಕ್ಕೆ ಚೂರು ಚಾಚಿರುತ್ತದೆ, ರೇಶ್‌ನ ಮೂಲೆ ದುಂಡಗಿರುತ್ತದೆ. ವ್ಯತ್ಯಾಸ ಅಷ್ಟೇ. ಯಹೂದಿಯರು ದಿನವೂ ಹೇಳಿಕೊಳ್ಳುವ ಪ್ರಾರ್ಥನೆಯಲ್ಲಿ ದೇವರು ಒಬ್ಬನೇ ಎಂಬಲ್ಲಿ ‘ಎಖಾದ್’ ಎಂಬ ಪದ ಬರುತ್ತದೆ. ಕೊನೆಯ ದಾಲೆತ್‌ನ ಆ ಚಾಚು ಸವೆದುಹೋದರೆ ಅದು ‘ಅಖೇರ್’ ಆಗುತ್ತದೆ. ಹಾಗೆಂದರೆ ‘ಬೇರೊಬ್ಬ’. ಒಬ್ಬನೇ ದೇವರು ಇದ್ದಕ್ಕಿದ್ದಂತೆ ಬೇರೊಬ್ಬ ದೇವರಾಗುತ್ತಾನೆ! ಅದಕ್ಕೇ ಅವರ ಧರ್ಮಗ್ರಂಥವಾದ ತೋರಾದ ಸುರುಳಿಗಳಲ್ಲಿ ಆ ಜಾಗದ ದಾಲೆತ್ತನ್ನು ಉಳಿದ ಅಕ್ಷರಗಳಿಗಿಂತ ದೊಡ್ಡದಾಗಿ ಬರೆಯುವ ಸಂಪ್ರದಾಯವಿದೆ.

ತೋರಾವನ್ನು ಕೈಯಲ್ಲಿ ಬರೆಯುವ ಲಿಪಿಕಾರನಿಗೆ ‘ಸೋಫೆರ್’ ಎನ್ನುತ್ತಾರೆ. ಒಂದು ಸುರುಳಿಯಲ್ಲಿ 3,04,805 ಅಕ್ಷರಗಳು. ಅವನಿಗೆ ಅಷ್ಟೂ ಬಾಯಿಪಾಠ ಬಂದರೂ ನೆನಪಿನಿಂದ ಬರೆಯುವಂತಿಲ್ಲ. ಮುಂದೆ ಒಂದು ಪ್ರತಿ ಇಟ್ಟುಕೊಂಡು, ನೋಡಿ, ಬಾಯಿಬಿಟ್ಟು ಉಚ್ಚರಿಸಿ ಬರೆಯಬೇಕು. ಅಕ್ಷರ ಅಕ್ಷರಕ್ಕೆ ತಾಗಬಾರದು, ಪ್ರತಿ ಅಕ್ಷರದ ಸುತ್ತಲೂ ಖಾಲಿ ಚರ್ಮ ಕಾಣಬೇಕು. ಒಂದಕ್ಷರ ತಪ್ಪಿದರೂ, ಬಿಟ್ಟುಹೋದರೂ ಅದನ್ನು ಸರಿಪಡಿಸುವವರೆಗೆ ಸುರುಳಿ ಓದಲು ಅನರ್ಹ. ನೆನಪನ್ನು ನಂಬಬಾರದು ಎಂಬ ನಿಯಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ತಪ್ಪು ನುಸುಳುವುದು ಗೊತ್ತಿಲ್ಲದ ಕಡೆಗಿಂತ, ಗೊತ್ತಿದೆ ಎಂದು ಕಣ್ಣು ಮುಂದಕ್ಕೆ ಜಾರುವ ಕಡೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ಕಾಲೇಜಿನಲ್ಲಿ ಪಾಠ ಹೇಳುವ ಮುಂಚೆ ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಸೀಸದ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಇರುತ್ತದೆ. ನಮ್ಮ ಹಿರಿಯ ಕಂಪೋಸಿಟರ್ ಅದನ್ನು ನಾವು ಪೇಪರ್ ಓದುವಷ್ಟೇ ಸಲೀಸಾಗಿ ಓದುತ್ತಿದ್ದರು. ಕರಡು ಬಂದಾಗ ಇಬ್ಬರು ಎದುರುಬದುರು ಕೂರುತ್ತಿದ್ದೆವು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಪೆನ್ಸಿಲ್ ತುದಿ ಸರಿಸುತ್ತಾ ನೋಡುವುದು. ಹೆಸರುಗಳು ಬಂದರೆ ಬಿಡಿಸಿ ಓದಬೇಕು: ‘ಹೊಟ್ಟೆ ಸೀಳಿದ ಧ, ಇಳಿ’ ಹೀಗೆ.

ಒಂದು ಸಂಜೆ, ಲಗ್ನದ ದಿನಗಳ ಗದ್ದಲದಲ್ಲಿ, ಒಂದು ಆಮಂತ್ರಣ ಪತ್ರಿಕೆಯನ್ನು ನಾನೊಬ್ಬನೇ ಕೂತು ನೋಡಿದೆ. ಎದುರು ಓದುವವರು ಇರಲಿಲ್ಲ. ಮುಹೂರ್ತ, ತಿಥಿ, ಛತ್ರದ ವಿಳಾಸ ಎಲ್ಲವನ್ನೂ ಎರಡೆರಡು ಸಲ ನೋಡಿದೆ. ಆರುನೂರು ಪ್ರತಿ ಅಚ್ಚಾಯಿತು. ಮಾರನೆಯ ದಿನ ಹುಡುಗಿಯ ತಂದೆ ಬಂದು ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟು, ‘ಸ್ವಾಮಿ, ನನ್ನ ಮಗಳ ಹೆಸರು ಸುಧಾ’ ಎಂದರು. ಇನ್ನೇನೂ ಹೇಳಲಿಲ್ಲ. ನೋಡಿದರೆ ‘ಸುದಾ’ ಎಂದು ಬಿದ್ದಿತ್ತು. ಸುಧೆ ಅಂದರೆ ಅಮೃತ. ಸುದಾ ಅಂದರೆ ಏನೂ ಅಲ್ಲ. ಹಿಂದಿನ ದಿನ ನಾನು ಆ ಸಾಲನ್ನು ಓದಿರಲೇ ಇಲ್ಲ. ಸುಧಾ ಎಂಬ ಹೆಸರು ನನಗೆ ಗೊತ್ತಿತ್ತು, ಅಷ್ಟೇ.

ಮತ್ತೆ ಅಚ್ಚು ಹಾಕಿಕೊಡುತ್ತೇವೆ ಎಂದು ಮಾಲೀಕರು ಹೇಳಿದರು. ಆದರೆ ಹುಡುಗಿಯ ತಂದೆ ರಾತ್ರಿ ಬಸ್ಸಿಗೆ ಹೊರಟು ನೆಂಟರ ಊರುಗಳಿಗೆ ಪತ್ರಿಕೆ ಹಂಚಬೇಕಿತ್ತು. ಕೊನೆಗೆ ಆ ತಂದೆ, ನಾನು, ಕಂಪೋಸಿಟರ್ ಮೂವರೂ ನೆಲದ ಮೇಲೆ ಕೂತೆವು. ಅಚ್ಚಿನ ಬಣ್ಣಕ್ಕೆ ಹತ್ತಿರವಾದ ಕೆಂಪು ಶಾಯಿ ತರಿಸಿ, ಒಂದೊಂದು ಪತ್ರಿಕೆಯಲ್ಲೂ ದಕಾರದ ಹೊಟ್ಟೆಗೆ ಒಂದು ಗೆರೆ ಕೊಟ್ಟೆವು. ಎಳ್ಳುಕಾಳಿನಷ್ಟು ಗೆರೆ. ಹೆಚ್ಚು ಒತ್ತಿದರೆ ಶಾಯಿ ಹರಡುತ್ತದೆ, ಕಡಿಮೆ ಒತ್ತಿದರೆ ಕಾಣುವುದಿಲ್ಲ. ಆರುನೂರು ಗೆರೆ. ಮುಗಿದಾಗ ಅಂಗಡಿಗಳು ಬಾಗಿಲು ಹಾಕುತ್ತಿದ್ದವು. ಅವರು ಪತ್ರಿಕೆಗಳನ್ನು ಚೀಲಕ್ಕೆ ತುಂಬುವ ಮುಂಚೆ ಪ್ರತಿ ಕಟ್ಟನ್ನೂ ಬಿಚ್ಚಿ ಮಗಳ ಹೆಸರನ್ನು ಮಾತ್ರ ನೋಡಿ ಕಟ್ಟಿಟ್ಟರು. ಟಿಟಲ್ ಎಂಬ ಪದ ಆಗ ನನಗೆ ಗೊತ್ತಿರಲಿಲ್ಲ. ಆದರೆ ಅದು ಏನು ಎಂದು ಆ ರಾತ್ರಿ ನನ್ನ ಬೆರಳಿಗೆ ಗೊತ್ತಾಯಿತು. ಅವತ್ತಿನಿಂದ ಇವತ್ತಿನವರೆಗೆ ಯಾರದೇ ಹೆಸರನ್ನು ಬಾಯಿಬಿಟ್ಟು ಓದದೆ ನಾನು ಬರೆದಿಲ್ಲ.

ಅಚ್ಚಿನ ತಪ್ಪುಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡವು ಬೇಕಾದಷ್ಟಿವೆ. 1631ರಲ್ಲಿ ಲಂಡನ್ನಿನ ರಾಜಮುದ್ರಕರು ತಂದ ಬೈಬಲ್ಲಿನ ಹತ್ತು ಕಟ್ಟಳೆಗಳಲ್ಲಿ ‘ನಾಟ್’ ಎಂಬ ಒಂದು ಪದ ಬಿಟ್ಟುಹೋಗಿ, ವ್ಯಭಿಚಾರ ಮಾಡಬಾರದು ಎಂಬುದು ಮಾಡತಕ್ಕದ್ದು ಎಂದಾಯಿತು. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು. ಆದರೆ ಅದು ಪೂರ್ತಿ ಒಂದು ಪದ, ನಮ್ಮ ವಿಷಯ ಗೆರೆ.

ನೆತ್ತಿಯ ಮೇಲಿನ ಗೆರೆಯನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. 1962ರ ಜುಲೈ 22ರಂದು ಅಮೆರಿಕದ ನಾಸಾ ಶುಕ್ರಗ್ರಹದ ಕಡೆಗೆ ಮ್ಯಾರಿನರ್ 1 ಎಂಬ ನೌಕೆಯನ್ನು ಹಾರಿಸಿತು. ರಾಕೆಟ್ ದಾರಿ ತಪ್ಪಿತು. 293 ಸೆಕೆಂಡುಗಳ ನಂತರ, ಜನವಸತಿಯ ಮೇಲೆ ಬಿದ್ದೀತೆಂದು, ಸುರಕ್ಷತಾಧಿಕಾರಿ ಅದನ್ನು ಆಕಾಶದಲ್ಲೇ ನಾಶಮಾಡಬೇಕಾಯಿತು. ರಾಕೆಟ್ಟಿನ ಸಂಕೇತ ಹಿಡಿಯುವ ಉಪಕರಣದಲ್ಲೂ ದೋಷವಿತ್ತು, ಅದರ ಜೊತೆಗೆ ಕಂಪ್ಯೂಟರಿಗೆ ಕೊಟ್ಟ ಸೂಚನೆಯಲ್ಲಿ ಒಂದು ಗುರುತು ಬಿಟ್ಟುಹೋಗಿತ್ತು. ಹೈಫನ್ ಎಂದು ಆಗ ಪತ್ರಿಕೆಗಳಲ್ಲಿ ಬಂತು. ನಂತರ ಬಂದ ವಿವರಗಳ ಪ್ರಕಾರ ಅದು ಸಮೀಕರಣದ ಅಕ್ಷರವೊಂದರ ನೆತ್ತಿಯ ಮೇಲಿನ ಗೆರೆ. ಅಳತೆಗಳ ಸಣ್ಣಪುಟ್ಟ ಏರಿಳಿತವನ್ನು ಬಿಟ್ಟು ಸರಾಸರಿಯನ್ನು ತೆಗೆದುಕೋ ಎಂದು ಹೇಳುವ ಗೆರೆ ಅದು. ಗೆರೆ ಇಲ್ಲದ್ದರಿಂದ ಕಂಪ್ಯೂಟರ್ ಸಾಮಾನ್ಯ ಏರಿಳಿತವನ್ನೇ ದೊಡ್ಡ ತಪ್ಪೆಂದು ಬಗೆದು ತಿದ್ದಲು ಹೋಯಿತು. ಹಳೆಯ ಲಿಪಿಕಾರರು ಅಕ್ಷರದ ಮೇಲೆ ಎಳೆಯುತ್ತಿದ್ದ ಟಿಟಲ್ ನೋಡಲು ಹೀಗೇ ಇತ್ತು. ಅದೇ ವರ್ಷ ಆಗಸ್ಟಿನಲ್ಲಿ ಹೊರಟ ಮ್ಯಾರಿನರ್ 2 ಡಿಸೆಂಬರ್ ಹೊತ್ತಿಗೆ ಶುಕ್ರನ ಪಕ್ಕದಲ್ಲೇ ಹಾದುಹೋಯಿತು.

ಸರಿ, ಬಳಕೆಗೆ ಬರೋಣ. ನಿಮ್ಮಲ್ಲಿ ಕಂಪನಿಗಳಲ್ಲಿ ಕೆಲಸ ಮಾಡುವವರು ಇದ್ದೀರಿ. ಬೆಂಗಳೂರಿನ ಆಫೀಸುಗಳಲ್ಲಿ ‘ಫಾಲೋ ದ ಪ್ರಾಸೆಸ್ ಟು ದ ಟಿ’ ಎಂಬ ಮಾತು ದಿನಕ್ಕೆ ನಾಲ್ಕು ಸಲ ಕಿವಿಗೆ ಬೀಳುತ್ತದೆ. ಇಲ್ಲಿ ‘ಎ’ ಹೋಗಿ ‘ದ’ ಬಂದಿದೆ. ‘ಟು ದ ಲೆಟರ್’ ಎಂಬ ಇನ್ನೊಂದು ಮಾತು ಇದರೊಳಗೆ ಬೆರೆತುಹೋಗಿದೆ ಎಂದು ನನ್ನ ತರ್ಕ. ಜನ ಆಡುತ್ತಾ ಆಡುತ್ತಾ ಭಾಷೆ ಬದಲಾಗುತ್ತದೆ, ಅದನ್ನು ತಡೆಯುವ ಹಟ ನನಗಿಲ್ಲ. ಆದರೆ ಆ ಎರಡು ಮಾತುಗಳು ಹೇಳುತ್ತಿದ್ದದ್ದು ಎರಡು ಬೇರೆ ಸಂಗತಿ, ಬೆರೆತರೆ ಒಂದು ಕಳೆದುಹೋಗುತ್ತದೆ. ‘ಟು ದ ಲೆಟರ್’ ವಿಧೇಯತೆಯ ಮಾತು: ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವುದು. ‘ಟು ಎ ಟಿ’ ಹೊಂದಿಕೆಯ ಮಾತು. ಡಾಕ್ಟರು ಹೇಳಿದ ಪಥ್ಯವನ್ನು ಚಾಚೂ ತಪ್ಪದೆ ಪಾಲಿಸಬಹುದು, ಅಷ್ಟಾದರೂ ಆ ಪಥ್ಯ ನಿಮ್ಮ ಮೈಗೆ ಒಗ್ಗದಿರಬಹುದು. ಮೊದಲನೆಯದು ಟು ದ ಲೆಟರ್ ಆಯಿತು, ಎರಡನೆಯದು ಟು ಎ ಟಿ ಆಗಲಿಲ್ಲ.

ಬರೆಯುವಾಗ ಈ ಟಿಯನ್ನು ದೊಡ್ಡಕ್ಷರದಲ್ಲಿ ಬರೆಯುವುದೇ ವಾಡಿಕೆ, ಸಣ್ಣಕ್ಷರವೂ ನಡೆಯುತ್ತದೆ. ವಾಕ್ಯದ ಕೊನೆಯಲ್ಲಿ ಬಂದರೆ ಅದಕ್ಕೆ ಶೋಭೆ. ಕೋರ್ಟಿನ ಅರ್ಜಿಗೆ, ಸಂಶೋಧನಾ ಪ್ರಬಂಧಕ್ಕೆ ಒಗ್ಗದ, ಮನೆಮಾತಿನ ಸಲಿಗೆಯಿರುವ ಪ್ರಯೋಗ. ಗಡಿಯಾರ ಸರಿಯಾದ ಸಮಯ ತೋರಿಸುತ್ತದೆ ಎನ್ನಲು, ಲೆಕ್ಕ ತಾಳೆಯಾಯಿತು ಎನ್ನಲು ಇದನ್ನು ಹಾಕಬೇಡಿ. ಅಂಕಿಯ ನಿಖರತೆಗೆ ಇಂಗ್ಲಿಷಿನಲ್ಲಿ ಬೇರೆ ಪದಗಳಿವೆ, ಕನ್ನಡದಲ್ಲಿ ‘ಕರಾರುವಾಕ್ಕು’ ಇದೆ. ಇನ್ನು ಅಡುಗೆಗೆ ‘ಡನ್ ಟು ಎ ಟರ್ನ್’ ಎಂದೂ ಹೇಳುವುದುಂಟು. ಅದು ಬೆಂಕಿಯ ಮೇಲೆ ಸಲಾಕೆಯಲ್ಲಿ ಮಾಂಸವನ್ನು ತಿರುಗಿಸುತ್ತಾ ಬೇಯಿಸುವ ಪದ್ಧತಿಯಿಂದ ಬಂದ ಬೇರೆಯದೇ ಮಾತು.

ಕನ್ನಡಕ್ಕೆ ತರುವಾಗ ಬಹಳ ಜನ ಎಲ್ಲ ಕಡೆಯೂ ‘ಪರಿಪೂರ್ಣವಾಗಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಸಂಕಟ ತರುತ್ತದೆ, ಯಾಕೆಂದರೆ ಈ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಶ್ರೀಮಂತ. ಇಂಗ್ಲಿಷ್ ಒಂದೇ ಟಿ ಹಿಡಿದುಕೊಂಡು ಎಲ್ಲ ಕಡೆ ಓಡಾಡುತ್ತದೆ, ನಾವು ಯಾವ ಬಗೆಯ ಸರಿ ಎಂದು ಕೇಳಿ ಮಾತು ಆರಿಸುತ್ತೇವೆ. ಕೆಲಸವೋ ಊರೋ ಹೊಂದಿಕೊಂಡರೆ ‘ಹೇಳಿ ಮಾಡಿಸಿದ ಹಾಗಿದೆ’. ಮಗ ಅಪ್ಪನಂತಿದ್ದರೆ ‘ಎರಕ ಹೊಯ್ದ ಹಾಗಿದ್ದಾನೆ’. ಎರಡು ಪ್ರತಿ ಒಂದೇ ಥರ ಇದ್ದರೆ ‘ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ’.

ಅಡುಗೆಗೆ ಬಂದರೆ ‘ಹದ’. ಈ ಎರಡಕ್ಷರಕ್ಕೆ ಸಮನಾದ ಪದ ನನಗೆ ಇಂಗ್ಲಿಷಿನಲ್ಲಿ ಸಿಕ್ಕಿಲ್ಲ. ನಮ್ಮಮ್ಮ ಮೈಸೂರು ಪಾಕು ಮಾಡುವಾಗ ಸಕ್ಕರೆ ಪಾಕವನ್ನು ಸೌಟಿನ ತುದಿಯಿಂದ ಹೆಬ್ಬೆರಳಿಗೆ ತಾಗಿಸಿಕೊಂಡು, ತೋರುಬೆರಳು ಒತ್ತಿ ಬಿಡಿಸಿ, ನಡುವೆ ಒಂದೆಳೆ ನಿಲ್ಲುತ್ತದೆಯೇ ಎಂದು ದೀಪದ ಕಡೆ ಹಿಡಿದು ನೋಡುತ್ತಿದ್ದರು. ಎಳೆ ಕಡಿದರೆ ಇನ್ನೂ ಕುದಿಯಬೇಕು. ಎಳೆ ನಿಂತ ಕೂಡಲೇ ಕಡಲೆಹಿಟ್ಟು, ತುಪ್ಪ. ಮಾತಾಡಿಸಿದರೆ ಕೈಸನ್ನೆಯಲ್ಲೇ ಸುಮ್ಮನಿರಿ ಎನ್ನುತ್ತಿದ್ದರು. ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ. ‘ಕುಕ್ಡ್ ಟು ಎ ಟಿ’ ಎಂಬ ಮಾತು ಎದುರಾದಾಗ ನಾನು ಆ ಎಳೆಯನ್ನು ನೆನೆದು ‘ಹದವಾಗಿ’ ಎಂದು ಬರೆಯುತ್ತೇನೆ.

ಕಷ್ಟ ಕೊಡುವುದು ‘ದಟ್ಸ್ ಹರ್ ಟು ಎ ಟಿ’ ಥರದ ವಾಕ್ಯ. ಕಳೆದ ವರ್ಷ ಒಂದು ಕಮ್ಮಟದಲ್ಲಿ ಇಂಥದೊಂದನ್ನು ಅಭ್ಯಾಸಕ್ಕೆ ಕೊಟ್ಟಿದ್ದೆ. ಅಣ್ಣ ತಂಗಿ ತೀರಿಹೋದ ತಾಯಿಯನ್ನು ನೆನೆಯುತ್ತಿದ್ದಾರೆ. ನೆಂಟರು ಬಂದು ಹೋದ ಮೇಲೆ ಲೋಟಗಳನ್ನು ಎಣಿಸಿ, ಎಲ್ಲ ಸರಿಯಾಗಿದ್ದರೂ ಇನ್ನೊಮ್ಮೆ ಎಣಿಸುತ್ತಿದ್ದಳು ಎಂದು ತಂಗಿ ಹೇಳುತ್ತಾಳೆ. ಅದಕ್ಕೆ ಅಣ್ಣನ ಉತ್ತರ: ‘ದಟ್ಸ್ ಮದರ್ ಟು ಎ ಟಿ’. ‘ಅದು ಅಮ್ಮನ ಯಥಾವತ್ ಚಿತ್ರಣ’ ಎಂದು ಒಬ್ಬರು ಬರೆದರು. ‘ಅಚ್ಚು ಅಮ್ಮನೇ’ ಎಂದು ಇನ್ನೊಬ್ಬರು. ಎರಡನೆಯದು ಹತ್ತಿರ ಬಂದಿತ್ತು, ಆದರೆ ಅದು ಮುಖದ ಹೋಲಿಕೆಯ ಮಾತು. ಕಿಟಕಿಯ ಪಕ್ಕ ಕೂತಿದ್ದ, ಎರಡು ದಿನದಿಂದ ಬಾಯಿಯೇ ಬಿಡದಿದ್ದ ಹೆಣ್ಣುಮಗಳೊಬ್ಬಳು ಕಾಗದ ನೋಡದೆ ಹೇಳಿದಳು: ‘ಅಮ್ಮ ಅಂದ್ರೆ ಅದೇ ಕಣೇ.’

ನಾನು ನನ್ನ ಪ್ರತಿಯಲ್ಲಿ ಬರೆದುಕೊಂಡಿದ್ದನ್ನು ಹೊಡೆದುಹಾಕಿ ಅದನ್ನು ಬರೆದುಕೊಂಡೆ. ‘ಕಣೇ’ ಸೇರಿಸಿಯೇ.